ಮೊದಲು ಬಂದ ಬಸ್ಸಿನ ವೈದ್ಯ

ಪೋಂ ಪೋಂ ಎಂದು ರಬ್ಬರ್ ಬುರುಡೆ ಹಿಚುಕಿದ ಗೊಗ್ಗರು ದನಿ ಕೇಳಿದರೆ ಅದು ಹೊಸದುರ್ಗದ ಕಡೆ ಹೋಗುವ ಬಸ್ಸು. ಎದುರು ದಿಕ್ಕಿಗೆ, ಜಿಲ್ಲಾ ಕೇಂದ್ರವಾದ ದುರ್ಗಕ್ಕೆ ಹೋಗುವ ಬಸ್ಸಿನದು ಎಲೆಕ್ಟ್ರಿಕ್ ಹಾರನ್ನು, ಸಣ್ಣಗೆ, ಉದ್ದಕ್ಕೆ. ಹೊಳಲ್ಕೆರೆಯ ನಮ್ಮ ಮನೆಯೊಳಗೆ ಕುಳಿತೇ ಯಾವುದು ಬಂತೆಂದು ಹೇಳಬಹುದಿತ್ತು. ಅರ್ಜೆಂಟ್ ಇಲ್ಲದ ಕೈಕಾಲು ನೋವಿಗೆ ಮದ್ದು ಎಲ್ಲಿ ಎಂಬುದನ್ನು ನಮ್ಮತ್ತೆ ಆ ಬಸ್ಸುಗಳಿಗೇ ಬಿಟ್ಟಿದ್ದರು. ದುರ್ಗದ ಬಸ್ಸು ಮೊದಲು ಬಂದರೆ ಡಾಕ್ಟರು. ಹೊಸದುರ್ಗದ್ದು ಬಂದರೆ ದಾರಿಯ ಹಟ್ಟಿಯಲ್ಲಿದ್ದ ಕುರಿ ಕಾಯುವವರ ಮನೆಯ ಅಜ್ಜಿ. ಉಳುಕು ಎಳೆದು, ಎಣ್ಣೆ ನೀವಿ ಕಟ್ಟುವುದರಲ್ಲಿ ಆಕೆಯದು ದೊಡ್ಡ ಹೆಸರು.

ಈಗ ನನ್ನ ಮಂಡಿನೋವಿಗೆ ಮೊಮ್ಮಗಳು ಮೊಬೈಲಿನಲ್ಲಿ ಸ್ಟಾರ್ ನೋಡಿ ಡಾಕ್ಟರನ್ನು ಆರಿಸುತ್ತಾಳೆ. ಬಹಳ ಸೈಂಟಿಫಿಕ್. ಆದರೂ ನನಗೆ ಆ ಬಸ್‌ಸ್ಟ್ಯಾಂಡೇ ನೆನಪಾಗುತ್ತದೆ.

ಆಗ ನಾನು ಶಾಲೆಯಲ್ಲಿ ಇಂಗ್ಲಿಷ್ ಟೀಚರು. ಬಲಗೈ ಭುಜದಿಂದ ಮೇಲೇಳುತ್ತಿರಲಿಲ್ಲ. ಬೋರ್ಡಿನ ಕೆಳಗಿನ ಅರ್ಧದಲ್ಲೇ ಬರೆಯುತ್ತಿದ್ದೆ. "ಬೇಸಿಗೆ ರಜೆಯೊಳಗೆ ಸರಿಮಾಡ್ಕೊಳ್ಳಿ. ಇಲ್ಲಾಂದ್ರೆ ನಿಮ್ಮ ಕ್ಲಾಸು ಬೇರೆಯವರಿಗೆ ಕೊಡಬೇಕಾಗುತ್ತೆ" ಎಂದಿದ್ದರು ಹೆಡ್‌ಮಿಸ್. ಆ ಕ್ಲಾಸು ಬಿಟ್ಟರೆ ನನ್ನದು ಅನ್ನುವುದು ನನಗೇನಿತ್ತು?

ನಾನು ಓದಿದ ಕಾನ್ವೆಂಟಿನ ಸಿಸ್ಟರ್ಸ್ ನನಗೆ 'ಕ್ವಾಕ್', ಅಂದರೆ ನಕಲಿ ವೈದ್ಯ, ಎಂಬ ಪದವನ್ನು ಚೆನ್ನಾಗಿ ಕಲಿಸಿದ್ದರು. ಹಾಗಾಗಿ ದುರ್ಗದ ಬಸ್ಸಿನ ಟೈಮ್ ತಿಳಿದುಕೊಂಡು ಅತ್ತೆಯನ್ನು ಬೇಗ ಹೊರಡಿಸಿದೆ. ಅರ್ಧ ದಾರಿಯಲ್ಲಿ ಅವರು, "ಎಲೆಅಡಿಕೆ ಚೀಲ ಮರ್ತೆ" ಎಂದು ಹಿಂದಿರುಗಿದರು. ನಾವು ಸ್ಟ್ಯಾಂಡು ಸೇರುವಾಗ ದುರ್ಗದ ಬಸ್ಸು ಎಬ್ಬಿಸಿದ ಧೂಳಷ್ಟೇ ಇತ್ತು.

"ದಟ್ಸ್ ನಾಟ್ ಫೇರ್" ಎಂದು ಗೊಣಗಿದೆ.

"ಇಂಗ್ಲಿಷ್ನಾಗೆ ಬೈದ್ರೆ ಬಸ್ಸು ತಿರುಗಿ ಬರ್ತೈತಾ? ಹೊಸದುರ್ಗದ್ದು ಬಂತು, ಹತ್ತು."

ಹಟ್ಟಿಯಲ್ಲಿ ಆ ಅಜ್ಜಿ ನನ್ನನ್ನು ಕಂಬಳಿಯ ಮೇಲೆ ಕೂರಿಸಿ, ಭುಜದ ಸುತ್ತ ಬೆರಳಾಡಿಸಿದಳು. "ಏನವ್ವಾ, ಬರೇ ಬಳಪ ಹಿಡ್ದೇ ಇಂಗಾತಾ?" ಎಂದು ನಕ್ಕಳು. ಆಮೇಲೆ ತೋಳನ್ನು ಮೆಲ್ಲಗೆ ಎತ್ತಿ, ನಾನು ನರಳಿದ ಕಡೆ ನಿಲ್ಲಿಸಿ, ಕೆಳಗಿಳಿಸಿಬಿಟ್ಟಳು.

"ಇದು ಉಳುಕಲ್ಲ. ಎಳೆದ್ರೆ ಕೆಡ್ತೈತೆ, ನಾ ಎಳೆಯಾಕಿಲ್ಲ. ದುರ್ಗದ ಡಾಕ್ಟರಿಗೆ ತೋರ್ಸು. ಅಲ್ಲೀಗಂಟ ದಿನಾ ಗೋಡೆ ಮ್ಯಾಲೆ ಬೆಳ್ಳು ಹತ್ತಿಸು, ಇರುವೆ ಹತ್ತಿದಂಗೆ."

ಅತ್ತೆಗೆ ಅವಮಾನವಾಯಿತು. "ಇಷ್ಟು ದೂರ ಬಂದೀವಿ, ಒಂಚೂರು ಎಣ್ಣೆನಾದ್ರೂ ಹಚ್ಚೇ!"

"ಬಾ, ನಿನ್ನ ತಲೆಗೆ ಹಚ್ತೀನಿ."

ಮರುದಿನ ದುರ್ಗದ ಡಾಕ್ಟರು "ಫ್ರೋಜನ್ ಶೋಲ್ಡರ್" ಎಂದರು. ನೋವಿನ ಮಾತ್ರೆ ಬರೆದು, ಎದ್ದು ನಿಂತು, ತಮ್ಮ ರೂಮಿನ ಗೋಡೆಯ ಮೇಲೆ ಬೆರಳುಗಳನ್ನು ಹಂತಹಂತವಾಗಿ ಹತ್ತಿಸಿ ತೋರಿಸಿದರು. ಅತ್ತೆ ನನ್ನ ಪಕ್ಕೆ ತಿವಿದರು.

ರಜೆ ಪೂರ್ತಿ ಅಡಿಗೆಮನೆಯ ಗೋಡೆ ಹತ್ತಿದೆ. ಜೂನ್‌ನಲ್ಲಿ ಕೈ ಬೋರ್ಡಿನ ಮುಕ್ಕಾಲು ಭಾಗ ಮುಟ್ಟಿತು, ದೀಪಾವಳಿಯ ಹೊತ್ತಿಗೆ ಮೇಲಂಚು. ಕ್ಲಾಸು ನನ್ನಲ್ಲೇ ಉಳಿಯಿತು. ಹಟ್ಟಿಗೆ ಹೋಗಿ ಒಂದು ಮಾತು ಹೇಳಿಬರಬೇಕಿತ್ತು. ಇವತ್ತು ನಾಳೆ ಎನ್ನುತ್ತ ವರ್ಷಗಳೇ ಕಳೆದವು.

ಆಮೇಲೊಂದು ದಿನ ದುರ್ಗದ ಅದೇ ಡಾಕ್ಟರ ಬೆಂಚಿನ ಮೇಲೆ ಹಟ್ಟಿಯ ಅಜ್ಜಿ ಕುಳಿತಿದ್ದಳು. ಹೆಬ್ಬೆರಳು ಬಾತು ಬಿಗಿದಿತ್ತು. ಗುರುತು ಹೇಳಿದೆ.

"ನೀವೂ ಇಲ್ಲಿಗೇ ಬಂದ್ರಾ?"

"ನನ್ನ ಕೈಯ ನಾನೇ ನೀವ್ಕಳಾಕ್ ಆಗ್ತೈತೇನವ್ವಾ? ಅದಿರ್ಲಿ, ನಿಂದು ಎತ್ತು, ನೋಡಾಣ."

ತುಂಬಿದ ವರಾಂಡದಲ್ಲಿ, ಉತ್ತರ ಗೊತ್ತಿರುವ ಹುಡುಗಿಯ ಹಾಗೆ, ನಾನು ಬಲಗೈಯನ್ನು ನೆಟ್ಟಗೆ ಎತ್ತಿ ಹಿಡಿದೆ. ಕಂಪೌಂಡರ್ ರೇಗಿದ: "ಮೇಡಂ, ನಿಮ್ಮ ನಂಬರ್ ಬಂದಿಲ್ಲ, ಕುಂತ್ಕಳ್ರಿ."

ಆಕೆ ಬಾಯಿಗೆ ಸೆರಗಿಟ್ಟು ನಕ್ಕಳು. ಅಷ್ಟರಲ್ಲಿ ಆಕೆಯ ನಂಬರ್ ಕೂಗಿದರು. ಬಾತ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಪರದೆ ಸರಿಸಿ ಒಳಗೆ ಹೋದಳು. ನಾನು ಆಕೆಯನ್ನು ನೋಡಿದ್ದು ಅದೇ ಕೊನೆ.