ಮೈಕಿನ ಅಣ್ಣು

ಉರ್ವದ ಓಣಿಗಳಲ್ಲಿ ನಲ್ಲಿನೀರು ಬಾರದ ಸುದ್ದಿ ಸಾರುವುದು ಮೈಕಿನ ಅಣ್ಣುವಿನ ಕೆಲಸ. ನೀರು ಸರಬರಾಜು ಕಚೇರಿಯ ದೊಡ್ಡವರು ಮೊಬೈಲಿನಲ್ಲಿ ಒಂದು ಸಂದೇಶ ಒತ್ತಿ, ಊರಿಗೆಲ್ಲ ಗೊತ್ತಾಯಿತೆಂದು ಫ್ಯಾನಿನಡಿ ಕೂರುತ್ತಾರೆ. ಅಣ್ಣು ರಿಕ್ಷಾದ ಮೇಲೆ ಮೈಕು ಕಟ್ಟಿ ಹೊರಡುತ್ತಾನೆ. ಅವರು ಕೊಟ್ಟ ಕಾಗದದ ‘ತಾಂತ್ರಿಕ ಕಾರಣಗಳಿಂದ ಸರಬರಾಜಿನಲ್ಲಿ ವ್ಯತ್ಯಯ’ವನ್ನು ಒಮ್ಮೆ ಗಂಭೀರವಾಗಿ ಓದಿ, ಗಂಟಲು ಸರಿಮಾಡಿಕೊಂಡು, “ನಾಳೆ, ನಾಡಿದ್ದು ನೀರಿಲ್ಲ ಮಾರಾಯ್ರೆ, ಈಗಲೇ ತುಂಬಿಸಿ!” ಎನ್ನುತ್ತಾನೆ, ಮತ್ತೆ ತುಳುವಿನಲ್ಲಿ, ಕೊಂಕಣಿಯಲ್ಲಿ. “ಅಣ್ಣು, ಈ ಪೈಪು ಎಂತ ಪ್ರತಿ ತಿಂಗಳು ಒಡೆಯುವುದಾ?” ಎಂದು ಮಹಡಿಯಿಂದ ಸ್ನೇಹಲತಾ ಕೆಣಕಿದರೆ, “ಅಕ್ಕ, ಅದಕ್ಕೂ ಒಂದು ಕಾಗದ ಬರಲಿ, ಓದ್ತೇನೆ!” ಎಂದು ಮೈಕಿನಲ್ಲೇ ಹೇಳಿ ಇಡೀ ಓಣಿಯನ್ನು ನಗಿಸುತ್ತಾನೆ. ಆದರೆ ಕೊನೆಯ ಮನೆಯೆದುರು ಮೈಕು ಆರಿಸಿ ಕೆಳಗಿಳಿಯುತ್ತಾನೆ. ಅಲ್ಲಿ ಹಾಸಿಗೆ ಹಿಡಿದ ಗಂಡನನ್ನು ನೋಡಿಕೊಳ್ಳುವ ಬರ್ನಡೆಟ್ ಬಾಯಿಯವರಿಗೆ ಕಿವಿ ಕೇಳಿಸದು. ಒಮ್ಮೆ ಸುದ್ದಿ ತಿಳಿಯದೆ, ಎರಡು ದಿನ ಗಂಡನ ಮೈ ಒರೆಸಲೂ ನೀರಿಲ್ಲದೆ ಅತ್ತವರು. ಅಣ್ಣು ಗೇಟಿನ ಬಳಿ ನಿಂತು, ನಲ್ಲಿ ತಿರುಗಿಸುವಂತೆ ಕೈಯಾಡಿಸಿ, ಎರಡು ಬೆರಳು ತೋರಿಸುತ್ತಾನೆ. ಅವರು ತಲೆಯಾಡಿಸಿ, ಕೊಡಪಾನ ಎತ್ತಿಕೊಂಡು ನಲ್ಲಿಯತ್ತ ನಡೆದ ಮೇಲೆಯೇ ಅವನು ಕಾಗದದ ಕೆಳಗೆ ‘ಎಲ್ಲರಿಗೂ ತಿಳಿಸಲಾಗಿದೆ’ ಎಂದು ಬರೆದು ಸಹಿ ಹಾಕುವುದು.