ಅಟ್ಟದ ನೆಲ ಕಿತ್ತ ಹುಸೇನಬೀ

ಮಲ್ಲೇಶ್ವರಿ ಹುಸೇನಬೀಯನ್ನು ಮೊದಲು ನೋಡಿದ್ದು ಗಂಗಾವತಿಯ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ, ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ. ಗಾರೆ ಕೆಲಸದ ಗೌಂಡಿಗಳು, ಕೂಲಿಯವರು ಕೆಲಸಕ್ಕೆ ಕಾಯುವ ಜಾಗ ಅದು. ಹುಸೇನಬೀ ಬೋರಲು ಹಾಕಿದ ಕಬ್ಬಿಣದ ಬುಟ್ಟಿಯ ಮೇಲೆ ಕೂತು ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನುತ್ತಿದ್ದಳು. ವಯಸ್ಸು ನಲವತ್ತರ ಹತ್ತಿರ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಅಂಗಿಯ ಕಿಸೆಯಲ್ಲಿ ಅಳತೆಯ ಟೇಪು. ಕಾಲ ಬಳಿ ತೊಳೆದು ಒರೆಸಿದ ಒಂದು ಕರಣಿ. ಉಳಿದವರ ಕರಣಿಗಳಿಗೆ ನಿನ್ನೆಯ ಸಿಮೆಂಟು ಅಂಟಿಕೊಂಡಿತ್ತು.

“ಗೌಂಡಿ ಬೇಕಾಗಿತ್ತು. ನಿಮ್ಮ ಯಜಮಾನ್ರು ಎಲ್ಲದಾರ?” ಎಂದು ಮಲ್ಲೇಶ್ವರಿ ಕೇಳಿದಳು.

“ಆಟೋ ಹೊಡ್ಯಾಕ ಹೋಗ್ಯಾರ್ರಿ. ನಿಮಗ ಆಟೋ ಬೇಕೋ, ಗೌಂಡಿ ಬೇಕೋ?”

“ಗೌಂಡಿ.”

“ಹಂಗಾದ್ರ ನಾನ ಬರ್ತೀನಿ. ಅವರು ಬಂದ್ರ ಗ್ವಾಡಿ ಸೊಟ್ಟ ಆಕ್ಕಾವು.”

ಮನೆಯ ದಾರಿಯಲ್ಲಿ ಹುಸೇನಬೀ ತನ್ನ ಕಥೆಯನ್ನು ಚುಟುಕಾಗಿ ಹೇಳಿದಳು. ಅಕ್ಬರ ಮೇಸ್ತ್ರಿಯ ಕೈಕೆಳಗೆ ಹದಿನೇಳು ವರ್ಷ ಬುಟ್ಟಿ ಹೊತ್ತಿದ್ದಳು. ಕೊನೆಯ ನಾಲ್ಕು ವರ್ಷ ಗೋಡೆಗೆ ಸಿಮೆಂಟು ಮೆತ್ತಿ ಗಿಲಾವು ಮಾಡಿದ್ದೂ ಅವಳೇ. ಆ ಮನೆಗಳವರು ಮಾತ್ರ ಅದನ್ನು ಅಕ್ಬರನ ಕೈಕೆಲಸವೆಂದೇ ತಿಳಿದಿದ್ದರು.

“ನನ್ನ ಹೆಸರಿಲೆ ಇನ್ನೂ ಒಂದು ಕೆಲಸ ಆಗಿಲ್ರಿ ಅಕ್ಕಾರ. ಮೇಸ್ತ್ರಿನ್ನ ಬಿಟ್ಟು ಬಂದು ತಿಂಗಳಾತು. ಇದೊಂದು ಕೆಟ್ರ ಮತ್ತ ಯಾರೂ ಕರ್ಯಾಂಗಿಲ್ಲ. ತಿರುಗಿ ಬುಟ್ಟಿ ಹೊರೋದ.”

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಲ್ಲೇಶ್ವರಿಗೆ ಈ ಮಾತಿನಿಂದ ಧೈರ್ಯವೇನೂ ಬರಲಿಲ್ಲ. ಆದರೆ ಅಷ್ಟರಲ್ಲಿ ಮನೆ ಬಂದಿತ್ತು.

ಕೆಲಸ ಇದ್ದದ್ದು ಅಟ್ಟದಲ್ಲಿ. ಮಲ್ಲೇಶ್ವರಿಯ ಮಾವ ಗವಿಸಿದ್ದಪ್ಪನವರು ಬದುಕಿದ್ದಾಗ, ಮಗ, ಅಂದರೆ ಅವಳ ಗಂಡ ಕೊಟ್ರೇಶನ ಮದುವೆಗೆಂದು ಭತ್ತದ ಚೀಲ ಇಡುತ್ತಿದ್ದ ಅಟ್ಟವನ್ನು ಕೋಣೆ ಮಾಡಿಸಿದ್ದರು. ನೆಲದಿಂದ ಸೂರಿಗೆ ಐದು ಅಡಿ ಮೂರು ಇಂಚು. ಕೊಟ್ರೇಶನ ಎತ್ತರ ಐದು ಅಡಿ ಹತ್ತು ಇಂಚು. ಇಪ್ಪತ್ತೈದು ವರ್ಷ ಆ ಕೋಣೆಯಲ್ಲಿ ಓಡಾಡಿ, ಈಗ ಅವನು ಬಯಲಿನಲ್ಲೂ ಬಗ್ಗಿಯೇ ನಡೆಯುತ್ತಿದ್ದ.

ಮೊದಲು ಬಂದಿದ್ದ ಮೂವರು ಗೌಂಡಿಗಳು ಮೇಲೆ ನೋಡಿ, ಸೂರು ಬಿಚ್ಚಿ ಎತ್ತರಿಸಬೇಕು ಎಂದಿದ್ದರು. ಹುಸೇನಬೀ ಕೆಳಗೆ ನೋಡಿದಳು. ಮೆಟ್ಟಿಲಿನ ಬಾಯಲ್ಲಿ ಒಂದು ಟೈಲ್ಸ್ ಎಬ್ಬಿಸಿ, ಉಳಿಯಿಂದ ತೋಡುತ್ತಾ ಹೋದಳು. ಟೈಲ್ಸಿನ ಕೆಳಗೆ ಸಿಮೆಂಟು, ಸಿಮೆಂಟಿನ ಕೆಳಗೆ ಶಹಾಬಾದಿ ಪರಸಿಕಲ್ಲು, ಅದರ ಕೆಳಗೆ ಉಸುಕು, ಮತ್ತೊಂದು ಪರಸಿ, ಕೊನೆಗೆ ಹಳೆಯ ಮಣ್ಣು. ನೆಲ ಬಿರುಕು ಬಿಟ್ಟಾಗಲೆಲ್ಲ ಗವಿಸಿದ್ದಪ್ಪನವರು ಅದರ ಮೇಲೆಯೇ ಹೊಸ ನೆಲ ಹಾಕಿಸಿದ್ದರು. ಕಿತ್ತರೆ ಮನೆಯೆಲ್ಲ ಧೂಳಾಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಜಂತಿಯ ಕಟ್ಟಿಗೆ ಸಿಗುವ ಹೊತ್ತಿಗೆ ಟೇಪು ಒಂದು ಅಡಿ ಎರಡು ಇಂಚು ತೋರಿಸಿತು.

“ಸೂರು ಛಲೋ ಐತ್ರಿ. ನೆಲಾನ ಎತ್ತರ ಆಗೈತಿ. ಇದನ್ನೆಲ್ಲಾ ತಗದು, ಜಂತಿ ಮ್ಯಾಲ ಹಲಗಿ ಹಾಕಿದ್ರ ಮುಗೀತು” ಎಂದಳು ಹುಸೇನಬೀ.

ಅತ್ತೆ ಪಂಪಮ್ಮನ ಅಡುಗೆಮನೆ ಸರಿಯಾಗಿ ಅದರ ಕೆಳಗಿತ್ತು. “ಏ ಯವ್ವಾ, ನೀ ಅಲ್ಲಿ ಕೆತ್ತಿದ್ರ ಇಲ್ಲಿ ನನ್ನ ಸಾರಿನ್ಯಾಗ ಬೀಳತೈತಿ.”

“ಸಾರಿಗೆ ಮುಚ್ಚಳ ಮುಚ್ರಿ ಅಮ್ಮಾರ.”

ಹುಸೇನಬೀ ಕರಣಿಯ ಹಿಡಿಯಿಂದ ಒಂದೊಂದೇ ಜಂತಿಯನ್ನು ಬಡಿದು, ಕಿವಿ ಇಟ್ಟು ಕೇಳಿದಳು. ಟೊಳ್ಳು ಸದ್ದು ಬಂದ ಎರಡಕ್ಕೆ ಸುಣ್ಣದ ಗುರುತು ಹಾಕಿ, ಅವುಗಳಿಗೆ ಕೆಳಗಿನಿಂದ ಆಸರೆಯ ಕಂಬ ಕೊಟ್ಟಳು. ಎರಡನೆಯ ದಿನ ಅಕ್ಬರ ಮೇಸ್ತ್ರಿ ಕರೆಯದೆಯೇ ಬಂದ. ಗಾಡಿಯಿಂದ ಇಳಿಯದೆ ಹೇಳಿದ:

“ಟೀಚರ್ರ, ಜಂತಿ ಮುರದ್ರ ನನ್ನ ಹೆಸರು ಹೇಳಬ್ಯಾಡ್ರಿ.”

“ಕೆಲಸ ಚಂದ ಆದಾಗ ಮಾತ್ರ ಹೇಳಬೇಕೇನು?” ಎಂದು ಮೇಲಿನಿಂದ ಹುಸೇನಬೀಯ ದನಿ ಬಂತು. ಅಕ್ಬರ ಮರುದಿನವೂ ಬಂದ. ಚಹಾ ಕೊಟ್ಟರು, ಕುಡಿದ.

ಮೂರನೆಯ ದಿನದ ಹೊತ್ತಿಗೆ ಒಂದೂವರೆ ಟ್ರಾಲಿ ಮಣ್ಣು, ಪರಸಿ ಹೊರಗೆ ಹೋಗಿತ್ತು. ಆಗ ಪಂಪಮ್ಮ ಅಡುಗೆಮನೆಯಿಂದ ಕರೆದಳು.

“ಮಲ್ಲವ್ವಾ, ಈ ಕದ ತಾನ ತೆರಕೊಳ್ಳಾಕತ್ತೈತಿ. ಇಷ್ಟು ವರ್ಷ ಭುಜಾ ಹಚ್ಚಿ ನೂಕಬೇಕಾಗಿತ್ತು. ಮನಿ ಕುಸಿಯಾಕತ್ತೈತಿ, ಕೆಲಸಾ ನಿಂದ್ರಸು.”

“ನಾ ಹೇಳಿದ್ನಿಲ್ಲ?” ಎಂದು ಅಕ್ಬರ ಕಪ್ಪು ಕೆಳಗಿಟ್ಟ.

ಹುಸೇನಬೀ ಕೆಳಗೆ ಇಳಿದು ಬಂದಳು. ಮೈಯೆಲ್ಲ ಮಣ್ಣು. “ಅಕ್ಕಾರ, ಅಂಜಿಕಿ ಬಂದಿದ್ರ ಈಗ ಹೇಳ್ರಿ. ನಿಂದ್ರಸ್ತೀನಿ. ಆದ್ರ ಮೊದಲು ಚೌಕಟ್ಟು ಅಳದು ನೋಡ್ರಿ.”

ಮಲ್ಲೇಶ್ವರಿ ಕುರ್ಚಿ ಹತ್ತಿದಳು. ಬಾಗಿಲಿನ ಮೇಲೆ ತೊಲೆ ಇತ್ತು. ಅದು ಬಾಗಿ ಚೌಕಟ್ಟನ್ನು ಒತ್ತಿದ್ದರಿಂದಲೇ ಕದ ಸಿಕ್ಕಿಕೊಳ್ಳುತ್ತಿತ್ತು. ಈಗ ತೊಲೆಗೂ ಚೌಕಟ್ಟಿಗೂ ನಡುವೆ ಅರ್ಧ ಇಂಚು ಖಾಲಿ ಇತ್ತು. ಅವಳು ಎರಡು ಸಲ ಅಳೆದಳು. ಎರಡು ಸಲವೂ ಅಷ್ಟೇ ಬಂತು.

“ತೊಲಿ ಕುಸದಿಲ್ಲ ಅತ್ತಿ. ಭಾರ ಇಳದು ಮ್ಯಾಲ ಎದ್ದೈತಿ” ಎಂದಳು.

ಅಕ್ಬರ ತಾನೂ ಕುರ್ಚಿ ಹತ್ತಿ, ಆ ಸಂದಿನಲ್ಲಿ ಬೆರಳು ಆಡಿಸಿ ಇಳಿದ.

“ಎದ್ರ ಏಳಲಿ. ಈಗ ಈ ಕದಾ ನಿಂದ್ರಬೇಕಂದ್ರ ಏನ್ ಮಾಡಬೇಕು, ಹೇಳೋ ಮೇಸ್ತ್ರಿ” ಎಂದಳು ಪಂಪಮ್ಮ.

ಅಕ್ಬರ ಗಾಡಿಯ ಕೀಲಿ ತೆಗೆದುಕೊಂಡು, “ನನ್ನ ಯಾಕ ಕೇಳ್ತೀರಿ ಅಮ್ಮಾರ? ಗೌಂಡಿ ಅಲ್ಲೇ ನಿಂತಾಳಲ್ಲ, ಆಕಿನ್ನ ಕೇಳ್ರಿ” ಎಂದು ಹೊರಟ.

ಎರಡು ಇಂಚಿನ ಹಲಗೆ ಕೂರಿಸಿದ ಮೇಲೆ ಕೋಣೆಯ ಎತ್ತರ ಆರು ಅಡಿ ಮೂರು ಇಂಚಾಯಿತು. ಆಮೇಲೆ ಅಕ್ಬರನೇ ಎರಡು ಹಳೆಯ ಮನೆಗಳವರಿಗೆ ಹುಸೇನಬೀಯ ನಂಬರು ಕೊಟ್ಟ.

ಹುಸೇನಬೀ ಈಗ ಕಾರಟಗಿಯಲ್ಲಿ ಅಕ್ಕಿ ಗಿರಣಿಯವರೊಬ್ಬರ ಮನೆಯ ಅಟ್ಟದ ಕೆಲಸ ಹಿಡಿದಿದ್ದಾಳೆ. ಅವಳ ಕೈಕೆಳಗೆ ನಾಲ್ವರು ಇದ್ದಾರೆ. ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಸಂಜೆ ಆರೂವರೆಗೆ ಗಂಗಾವತಿಗೆ ಬರುತ್ತಾಳೆ.