ಲೋಕಯ್ಯನ ಹೊಸ ಸ್ಟೆಪ್ನಿ

ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಲಾಯಿಲದ ಲೋಕಯ್ಯನಿಗೆ ಮನುಷ್ಯರ ಮುಖ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ವರ್ಷಗಟ್ಟಲೆ ತನ್ನ ಕಾರಿನಲ್ಲಿ ಬಂದು ಹೋದವರು ಸಂತೆಯಲ್ಲಿ ಎದುರಾಗಿ ನಕ್ಕರೆ ಅವನು ತಬ್ಬಿಬ್ಬಾಗುತ್ತಿದ್ದ. ಆದರೆ ಯಾವ ಟಯರು ಯಾವ ವರ್ಷ ಯಾವ ತಿರುವಿನಲ್ಲಿ ಕೈಕೊಟ್ಟಿತು ಎಂದು ಕೇಳಿದರೆ ಪಂಚಾಂಗ ಓದಿದ ಹಾಗೆ ಹೇಳುತ್ತಿದ್ದ.

ಅವನದು ಸರ್ವಿಸ್ ಕಾರಿನ ಡ್ರೈವರ್ ಕೆಲಸ. ಬಸ್ಸುಗಳು ಕಡಿಮೆ ಇದ್ದ ಆ ಕಾಲದಲ್ಲಿ ಹಳೆಯ ದೊಡ್ಡ ವಿಲಾಯತಿ ಕಾರುಗಳು ತಲೆಗಿಷ್ಟೆಂದು ಪಡೆದು ಊರಿಂದೂರಿಗೆ ಜನರನ್ನು ಸಾಗಿಸುತ್ತಿದ್ದವು. ಐದು ಜನರಿಗೆಂದು ಮಾಡಿದ ಕಾರಿನಲ್ಲಿ ಹತ್ತು ಜನ, ಎರಡು ಅಡಿಕೆ ಮೂಟೆ, ಒಂದೆರಡು ಕೋಳಿ. ಲೋಕಯ್ಯನ ಕಾರಿನ ಒಡೆಯರು ಮೂಡುಬಿದಿರೆಯ ಜೈನರು, ವಿಜಯರಾಜ ಎಂದು ಹೆಸರು. ಕಾರು ಮಾತ್ರ ಲಾಯಿಲದಲ್ಲಿ ಲೋಕಯ್ಯನ ಅಂಗಳದಲ್ಲೇ ಇರುತ್ತಿತ್ತು. ಬೆಳಿಗ್ಗೆ ಬೆಳ್ತಂಗಡಿಯಿಂದ ಪುಂಜಾಲಕಟ್ಟೆಯ ಮೇಲೆ ಬಂಟ್ವಾಳ, ಅಲ್ಲಿಂದ ಹಿಂದಕ್ಕೆ. ಮಧ್ಯಾಹ್ನ ವೇಣೂರಿನ ಮೇಲೆ ಮೂಡುಬಿದಿರೆ. ಇಪ್ಪತ್ತು ವರ್ಷ ಇದೇ ದಾರಿ.

ಮೊದಮೊದಲು ಅವನಿಗೆ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಟಯರುಗಳು. ಕಲ್ಲಿನಂಥವು. ಎತ್ತಿನ ಲಾಳದ ಮೊಳೆಯೂ ಅವುಗಳ ಮುಂದೆ ಸೊಂಟ ಬಗ್ಗಿಸಬೇಕಿತ್ತು. ಆ ನಾಲ್ಕು ವರ್ಷ ಪ್ರಯಾಣಿಕರ ಬೆನ್ನುಮೂಳೆಯೊಂದನ್ನು ಬಿಟ್ಟು ಬೇರೇನೂ ಪಂಕ್ಚರ್ ಆಗಲಿಲ್ಲ ಎಂದು ಲೋಕಯ್ಯ ಹೇಳುತ್ತಿದ್ದ. ಅವು ಸವೆದ ಮೇಲೆ ಬಂದದ್ದು ರಿಸೋಲ್ ಟಯರು, ಅಂದರೆ ಸವೆದ ಟಯರಿಗೆ ಮೇಲಿಂದ ಹೊಸ ರಬ್ಬರು ಅಂಟಿಸಿದ್ದು. ಐವತ್ತೈದನೇ ಇಸವಿಯ ಒಂದು ಬೇಸಗೆಯಲ್ಲಿ ಪುಂಜಾಲಕಟ್ಟೆಯ ಇಳಿಜಾರಿನಲ್ಲಿ ಆ ಅಂಟಿಸಿದ ರಬ್ಬರು ಬಳೆಯ ಹಾಗೆ ಇಡಿಯಾಗಿ ಕಳಚಿ ಕಾರಿಗಿಂತ ಮುಂದೆ ಓಡಿ ಗದ್ದೆಗೆ ಇಳಿಯಿತು. ಚಕ್ರವೇ ಹೋಯಿತೆಂದು ಒಳಗಿದ್ದವರೆಲ್ಲ ಬೊಬ್ಬೆ ಹಾಕಿದರು. ಲೋಕಯ್ಯ ಕಾರು ನಿಲ್ಲಿಸಿ, ಪಂಚೆ ಎತ್ತಿ ಕಟ್ಟಿ, ಗದ್ದೆಗಿಳಿದು ಅದನ್ನು ಹೊತ್ತು ತಂದ. ಎಸೆದು ಬರುವ ಜಾತಿ ಅವನದಲ್ಲ.

ಟಯರು ಹರಿದರೆ ಹರಿದಲ್ಲಿ ಒಳಗಿಂದ ಹಳೆ ಟಯರಿನ ತುಂಡು ಕೊಟ್ಟು ಓಡಿಸುವುದೂ ಉಂಟು. ಅದಕ್ಕೆ ಗೇಟರ್ ಎನ್ನುತ್ತಿದ್ದರು. ಗೇಟರ್ ಹಾಕಿದ ಚಕ್ರ ದಡಕ್ ದಡಕ್ ಎಂದು ಕುಂಟುತ್ತದೆ. ಬಂಟ್ವಾಳದಲ್ಲಿ ಟಯರು ರಿಪೇರಿಯ ಅಂಗಡಿ ಇಟ್ಟಿದ್ದ ಮೂಸಬ್ಬ ಈ ವಿದ್ಯೆಯಲ್ಲಿ ಪಳಗಿದವನು. ಕಾರು ಪೇಟೆಯ ತಿರುವಿನಲ್ಲಿ ಇರುವಾಗಲೇ ಸದ್ದು ಕೇಳಿ, "ಲೋಕಯ್ಯ ಬಂದ, ಹಿಂದಿನ ಎಡಗಾಲು ನೋಯ್ತಾ ಉಂಟು" ಎನ್ನುತ್ತಿದ್ದ.

ಹೀಗೆ ತೇಪೆಯ ಮೇಲೆ ತೇಪೆಯಾಗಿ ನಡೆಯುತ್ತಿದ್ದ ಸಂಸಾರಕ್ಕೆ ಅರವತ್ತೊಂದರಲ್ಲಿ ಒಂದು ಹೊಸ ಟಯರು ಬಂತು. ವಿಜಯರಾಜರು ಮಂಗಳೂರಿನಿಂದ ತಂದದ್ದು. ಕಾಗದದ ಪಟ್ಟಿ ಸುತ್ತಿದ್ದು, ಮೈಮೇಲೆ ಮುಳ್ಳಿನಂಥ ರಬ್ಬರು ಕೂದಲುಗಳು ಇನ್ನೂ ಇದ್ದದ್ದು. ಮುಂದಿನ ಬಲಗಡೆಯದು ತೀರ ಸವೆದಿತ್ತು. ಅಲ್ಲಿಗೆ ಹಾಕಲಿಕ್ಕೆಂದೇ ಅವರು ತಂದಿದ್ದರು. ಲೋಕಯ್ಯ ಅದನ್ನು ಸ್ಟೆಪ್ನಿ ಮಾಡಿದ.

"ಆಪತ್ತಿಗೆ ಒಂದು ಒಳ್ಳೆಯದು ಬೇಕಲ್ಲ ಧಣಿಗಳೇ" ಎಂದ. "ಹಳೇದು ಹೇಗೂ ಓಡ್ತದೆ."

ಅವನ ಕಾರಿನಲ್ಲಿ ಸ್ಟೆಪ್ನಿ ಇರುತ್ತಿದ್ದದ್ದು ಹಿಂಭಾಗದಲ್ಲಿ, ಹೊರಗೆ, ಎಲ್ಲರಿಗೂ ಕಾಣುವಂತೆ. ಉಳಿದ ಡ್ರೈವರುಗಳು ಹಿಂದಿನಿಂದ ಬರುವಾಗ ಅದನ್ನೇ ನೋಡಿಕೊಂಡು ಬರಬೇಕು. ಆಪತ್ತಿನ ಮಾತು ಸುಳ್ಳಲ್ಲ. ಆದರೆ ಈ ಎರಡನೆಯ ಕಾರಣವನ್ನು ಅವನು ಧಣಿಗಳಿಗೆ ಹೇಳಲಿಲ್ಲ.

ಪ್ರತಿ ಶುಕ್ರವಾರ ಕಾರಿಗೆ ಹೂ ಮುಡಿಸಿ ಊದುಬತ್ತಿ ಹಚ್ಚುವುದು ಮೊದಲಿನಿಂದಲೂ ಇತ್ತು. ಈಗ ಅದಕ್ಕೆ ಇನ್ನೊಂದು ಸೇರಿತು. ಅಂಗೈಯಲ್ಲಿ ತೆಂಗಿನೆಣ್ಣೆ ಸುರಿದುಕೊಂಡು ಹೊಸ ಟಯರಿಗೆ ಸುತ್ತಲೂ ತಿಕ್ಕುವುದು. ಅವನ ಮನೆಯಲ್ಲಿ ಬಾಳಬೇಕಾದ್ದಕ್ಕೆಲ್ಲ ಎಣ್ಣೆ ಬೀಳುತ್ತಿತ್ತು: ಕತ್ತಿಯ ಹಿಡಿಗೆ, ಬಾಗಿಲ ತಿರುಗಣಿಗೆ, ಮಗುವಿನ ನೆತ್ತಿಗೆ. ಎಣ್ಣೆ ಕಂಡದ್ದು ಕೆಡುವುದಿಲ್ಲ ಎಂಬುದು ಅವನ ಮಟ್ಟಿಗೆ ವಾದ ಮಾಡುವ ವಿಷಯವೇ ಆಗಿರಲಿಲ್ಲ. ಟಯರು ಕೃಷ್ಣಶಿಲೆಯ ವಿಗ್ರಹದ ಹಾಗೆ ಹೊಳೆಯುತ್ತಿತ್ತು.

ಅವನ ಹೆಂಡತಿ ಸೇಸಮ್ಮ ಎಣ್ಣೆಯ ಕುಡಿಕೆ ಬರಿದಾದದ್ದನ್ನು ನೋಡಿ, "ಹೆಂಡತಿ ತಲೆಗೆ ಹಚ್ಚಲಿಕ್ಕೆ ಒಂದು ತೊಟ್ಟಿಲ್ಲ, ಆ ಚಕ್ರಕ್ಕೆ ಮಾತ್ರ ವಾರ ವಾರ ಅಭ್ಯಂಜನ! ಅದೆಂತ ಹೊಸ ಅಳಿಯನಾ?" ಎಂದಳು.

"ನಿನಗೆ ಎಂತ ಗೊತ್ತುಂಟು ಮಾರಾಯ್ತಿ" ಎಂದು ಲೋಕಯ್ಯ ತಿಕ್ಕುವುದನ್ನು ಮುಂದುವರಿಸಿದ.

ಮೂರು ವರ್ಷ ಹೀಗೆ ಕಳೆಯಿತು. ಪಂಕ್ಚರ್ ಆದಾಗಲೆಲ್ಲ ಅವನು ಸ್ಟೆಪ್ನಿ ಇಳಿಸುವ ಬದಲು ದಾರಿಯಲ್ಲೇ ಕೂತು ಹಳೆಯದಕ್ಕೆ ತೇಪೆ ಹಾಕುತ್ತಿದ್ದ. ಪ್ರಯಾಣಿಕರು ಬೈಯುತ್ತಿದ್ದರು. ಅವನಿಗೆ ಕೇಳುತ್ತಿರಲಿಲ್ಲ.

ಅರವತ್ತನಾಲ್ಕರ ಡಿಸೆಂಬರಿನಲ್ಲಿ ವಿಜಯರಾಜರ ತಾಯಿ ಅನಂತಮತಿಯಮ್ಮ ಬೆಳ್ತಂಗಡಿಯ ತಂಗಿಯ ಮನೆಗೆ ಬಂದಿದ್ದರು. ಎಪ್ಪತ್ತೆರಡು ವರ್ಷದ, ತೆಳ್ಳಗಿನ, ಮಾತಿನಲ್ಲಿ ಚುರುಕಿನ ಹೆಂಗಸು. ಚತುರ್ದಶಿಯ ದಿನ ಅವರಿಗೆ ಉಪವಾಸ, ನೀರೂ ಇಲ್ಲ. ಮರುದಿನ ಪಾರಣೆ. ಆದರೆ ಎಲ್ಲಿದ್ದರೂ ತಮ್ಮ ಊರಿನ ಬಸದಿಯಲ್ಲಿ ದರ್ಶನ ಮಾಡದೆ ಅವರು ಪಾರಣೆ ಮಾಡುವವರಲ್ಲ. ಸೂರ್ಯ ಮುಳುಗಿದ ಮೇಲೆ ಜೈನರಿಗೆ ಊಟವಿಲ್ಲ, ಅಮ್ಮನಿಗಂತೂ ನೀರೂ ಇಲ್ಲ. ಆದ್ದರಿಂದ ಹುಣ್ಣಿಮೆಯ ದಿನ ಹೊತ್ತು ಮುಳುಗುವ ಮೊದಲು ಅವರು ಮೂಡುಬಿದಿರೆಯಲ್ಲಿ ಇರಬೇಕು.

"ಬಂಟ್ವಾಳದ ಟ್ರಿಪ್ಪು ಮುಗಿಸಿ ಹನ್ನೊಂದಕ್ಕೆ ಬರ್ತೇನೆ ಅಮ್ಮ. ಎರಡು ಗಂಟೆಯೊಳಗೆ ಬಸದಿಯ ಎದುರು ಇಳಿಸ್ತೇನೆ" ಎಂದು ಲೋಕಯ್ಯ ಮಾತು ಕೊಟ್ಟಿದ್ದ.

ಬಂಟ್ವಾಳದಿಂದ ಮರಳುವಾಗ ಪುಂಜಾಲಕಟ್ಟೆಯ ಹತ್ತಿರ ಲಾಳದ ಮೊಳೆ ಹೊಕ್ಕಿತು. ಆಗಲೂ ಅವನ ಕೈ ಸ್ಟೆಪ್ನಿಯ ಕಡೆಗೆ ಹೋಗಲಿಲ್ಲ. ಟಯರು ಬಿಚ್ಚಿ, ಟ್ಯೂಬು ತೆಗೆದು, ಉಜ್ಜಿ, ಅಂಟು ಹಚ್ಚಿ, ಪಂಪು ಹೊಡೆಯುವಷ್ಟರಲ್ಲಿ ತೇಪೆ ಎದ್ದಿತು. ಮತ್ತೆ ಬಿಚ್ಚಿದ. ಬೆಳ್ತಂಗಡಿ ಮುಟ್ಟುವಾಗ ಮೂರು ಗಂಟೆ.

ಅಮ್ಮ ಜಗಲಿಯಲ್ಲಿ ಗಂಟು ಕಟ್ಟಿಕೊಂಡು ಕೂತಿದ್ದರು. "ಹನ್ನೊಂದಾಯ್ತಾ ಲೋಕಯ್ಯ?" ಎಂದಷ್ಟೇ ಕೇಳಿದರು. ತುಟಿ ಒಣಗಿ ಬಿಳಿಯಾಗಿತ್ತು.

ವೇಣೂರು ದಾಟಿ ಪೆರಿಂಜೆಯ ಹತ್ತಿರ ಬೆಳಗಿನ ತೇಪೆಯೇ ಕೈಬಿಟ್ಟಿತು. ಗಂಟೆ ನಾಲ್ಕೂಕಾಲು. ಈ ಸಲ ಲೋಕಯ್ಯ ಯೋಚಿಸಲಿಲ್ಲ. ಇದೇ ಆಪತ್ತು ಎಂದು ಅವನಿಗೆ ಅನ್ನಿಸಿತು, ಒಳಗೊಳಗೆ ಸ್ವಲ್ಪ ಖುಷಿಯೂ ಆಯಿತು. ಹೊಳೆಯುವ ಸ್ಟೆಪ್ನಿಯನ್ನು ಇಳಿಸಿ, ಹಾಕಿ, ಬೋಲ್ಟು ಬಿಗಿದು, "ಇನ್ನು ಹೆದರಲಿಕ್ಕಿಲ್ಲ ಅಮ್ಮ, ಹೊಸ ಟಯರು" ಎಂದ.

ಎರಡು ಮೈಲು ಓಡಿತು. ಮೂಡುಬಿದಿರೆಗೆ ಮುಂಚಿನ ಗಂಟಾಲ್ಕಟ್ಟೆ ಇನ್ನೂ ಸಿಕ್ಕಿರಲಿಲ್ಲ. ಗರ್ನಾಲು ಸಿಡಿದ ಹಾಗೆ ಸದ್ದಾಗಿ ಕಾರು ಒಂದು ಬದಿಗೆ ಎಳೆಯಿತು. ಇಳಿದು ನೋಡಿದರೆ ಹೊಸ ಟಯರಿನ ಪಕ್ಕೆ ಒಂದು ಗೇಣು ಉದ್ದ ಬಿರಿದಿತ್ತು. ಒಳಗಿನ ನೂಲು ಹೊರಗೆ ಬಂದಿತ್ತು. ಟ್ಯೂಬು ಚಿಂದಿ. ಲೋಕಯ್ಯ ಅದನ್ನೇ ನೋಡುತ್ತ ನಿಂತ. ಮುಳ್ಳಿಲ್ಲ, ಮೊಳೆಯಿಲ್ಲ, ಕಲ್ಲಿಲ್ಲ.

ಮೂಡುಬಿದಿರೆಯ ಬಸ್ಸು ಆಗಲೇ ಹೋಗಿತ್ತು, ಮುಂದಿನದು ಏಳಕ್ಕೆ. ಎತ್ತಿನ ಗಾಡಿಯಲ್ಲಿ ಕೂರಿಸಿದರೆ ಹೊತ್ತಿಗೆ ಮುಟ್ಟುವುದಿಲ್ಲ. ನಡೆಯುವ ಶಕ್ತಿ ಅಮ್ಮನಲ್ಲಿ ಇರಲಿಲ್ಲ. ಉಳಿದದ್ದು ಬೆಳಗಿನಿಂದ ಎರಡು ಸಲ ಬಿಚ್ಚಿದ ಆ ಹಳೆಯ ಟಯರು ಮಾತ್ರ.

ಅವನು ರಸ್ತೆಯಲ್ಲಿ ಕೂತು ಮತ್ತೆ ಟ್ಯೂಬು ಹೊರಗೆ ತೆಗೆದ. ಅಮ್ಮ ಗೋಳಿಮರದ ಬೇರಿನ ಮೇಲೆ ಕೂತು ಪಡುವಣ ದಿಕ್ಕು ನೋಡುತ್ತಿದ್ದರು.

"ಅಮ್ಮ, ಆಚೆ ಮನೆಯಿಂದ ಒಂದು ಎಳನೀರು ತರ್ತೇನೆ. ಹೊತ್ತಿದೆ ಇನ್ನೂ. ಬಸದಿಗೆ ನಾಳೆ ಹೋಗುವ" ಎಂದ ಲೋಕಯ್ಯ.

"ದರ್ಶನ ಆಗದೆ ಬೇಡ. ನೀನು ನಿನ್ನ ಕೆಲಸ ಮಾಡು."

"ನಿಮಗೆ ಏನಾದ್ರೂ ಆದ್ರೆ ಧಣಿಗಳಿಗೆ ನಾನು ಯಾವ ಮುಖ ತೋರಿಸ್ಲಿ?"

"ಮಾತಾಡಿದರೆ ಅಂಟು ಹಿಡಿಯುವುದಿಲ್ಲ" ಎಂದು ಅಮ್ಮ ಕಣ್ಣು ಮುಚ್ಚಿಕೊಂಡರು.

ಅವನು ಉಜ್ಜಿದ, ಹಚ್ಚಿದ, ಒತ್ತಿ ಹಿಡಿದ. ಮೊಳೆ ಹೊಕ್ಕಲ್ಲಿ ಟಯರೂ ಹರಿದಿತ್ತು, ಅಲ್ಲಿಗೆ ಗೇಟರ್ ಕೊಡಲು ಏನೂ ಇರಲಿಲ್ಲ. ಕಾರಿನ ಸೀಟಿನಡಿ ಹುಡುಕಿದಾಗ ಒಂದು ರಬ್ಬರು ತುಂಡು ಸಿಕ್ಕಿತು. ಪುಂಜಾಲಕಟ್ಟೆಯ ಗದ್ದೆಯಿಂದ ಹೊತ್ತು ತಂದ ರಿಸೋಲಿನದೇ ತುಂಡು. ಅದನ್ನು ಒಳಗಿಟ್ಟು, ಮೈಯೆಲ್ಲ ಬೆವರಾಗುವ ವರೆಗೆ ಪಂಪು ಹೊಡೆದ. ಕಾರು ಹೊರಟಾಗ ಗದ್ದೆಗಳ ಮೇಲೆ ಬಿಸಿಲು ಉಳಿದಿರಲಿಲ್ಲ, ಮರಗಳ ತುದಿಯಲ್ಲಿ ಮಾತ್ರ ಇತ್ತು.

ದಡಕ್ ದಡಕ್ ಎನ್ನುತ್ತ ಮೂಡುಬಿದಿರೆಯ ಜೈನರ ಕೇರಿಗೆ ಕಾರು ತಿರುಗಿದಾಗ ಬಸದಿಯ ಹಿಂದೆ ಹುಣ್ಣಿಮೆಯ ಚಂದ್ರ ಮೇಲೆ ಬಂದಾಗಿತ್ತು. ವಿಜಯರಾಜರ ಹೆಂಡತಿ ಕಮಲಾವತಿ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದರು. ಅಮ್ಮ ಅವರ ತೋಳು ಹಿಡಿದು ಇಳಿದರು. ಚಂದ್ರನನ್ನು ನೋಡಿದರು, ತಂಬಿಗೆಯನ್ನು ನೋಡಿದರು.

"ಒಳಗಿಡು ಮಗಾ. ಇನ್ನು ಬೆಳಿಗ್ಗೆ" ಎಂದರು.

ಹೊಸ್ತಿಲು ದಾಟುವಾಗ ಕಾಲು ತಪ್ಪಿ ಬಿದ್ದರು. ವಿಜಯರಾಜರು ಎತ್ತಿಕೊಂಡು ಹೋಗಿ ಮಲಗಿಸಿದರು. ಲೋಕಯ್ಯ ಆ ದಿನ ಲಾಯಿಲಕ್ಕೆ ಹೋಗಲಿಲ್ಲ, ಸೇಸಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಲೂ ಇಲ್ಲ. ಸೂರ್ಯ ಹುಟ್ಟಿ, ಅಮ್ಮನನ್ನು ಇಬ್ಬರು ಹಿಡಿದುಕೊಂಡು ಬಸದಿಗೆ ಕರೆದುಕೊಂಡು ಹೋಗಿ ಬಂದು, ಎರಡು ಗುಟುಕು ನೀರು ಇಳಿಯಿತು ಎಂದು ಕಮಲಾವತಿ ಹೊರಗೆ ಬಂದು ಹೇಳಿದ ಮೇಲೆಯೇ ಅವನು ಅಂಗಳದಿಂದ ಎದ್ದದ್ದು.

ವಿಜಯರಾಜರು ಒಡೆದ ಟಯರನ್ನು ಕಾಲಿನಿಂದ ತಳ್ಳಿ, "ಅಂಗಡಿಯವ ಮೋಸ ಮಾಡಿದ್ದು. ಓಡಿದ್ದೇ ಎರಡು ಮೈಲು! ಇವತ್ತೇ ಮಂಗಳೂರಿಗೆ ತಕೊಂಡು ಹೋಗಿ ಅವನ ಮುಖಕ್ಕೆ ಹಿಡಿ" ಎಂದರು.

ಲೋಕಯ್ಯ ನೇರ ಮಂಗಳೂರಿಗೆ ಹೋಗದೆ ಮೊದಲು ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ ಹೋಗಿ ಅದನ್ನು ಮೂಸಬ್ಬನ ಮುಂದಿಟ್ಟ. ಮೂಸಬ್ಬ ಬಿರುಕಿನಲ್ಲಿ ಬೆರಳು ಹಾಕಿದ. ರಬ್ಬರು ಬೆಲ್ಲದ ಹಾಗೆ ಅಂಟಿಕೊಂಡು ಬಂತು. ಮೂಗಿಗೆ ಹಿಡಿದು ನೋಡಿದ.

"ಇದಕ್ಕೆ ಎಂತ ಹಚ್ಚಿದ್ದು ಮಾರಾಯ?"

"ತೆಂಗಿನೆಣ್ಣೆ. ವಾರಕ್ಕೊಮ್ಮೆ."

ಮೂಸಬ್ಬ ನಗಲಿಲ್ಲ. "ರಬ್ಬರಿಗೆ ಎಣ್ಣೆ ಅಂದ್ರೆ ವಿಷ. ಕುಡಿದು ಕುಡಿದು ಊದಿ ಕೊಳೆತಿದೆ. ಮಂಗಳೂರಿಗೆ ಹೋಗ್ಬೇಡ. ಅಂಗಡಿಯವನೂ ಮೂಸಿ ನೋಡ್ತಾನೆ" ಎಂದ.

ಅಂಗಡಿಯವನು ಒಪ್ಪಲಿಲ್ಲ ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಲೋಕಯ್ಯನಿಗೆ ಆ ಯೋಚನೆ ಬಾರದೆ ಇರಲಿಲ್ಲ. ಮರಳುವಾಗ ಸಿದ್ಧಕಟ್ಟೆಯ ವರೆಗೂ ಅದು ಅವನ ಜೊತೆಯಲ್ಲೇ ಬಂತು. ಆದರೆ ಅಮ್ಮನ ಒಣಗಿದ ತುಟಿ ಕಣ್ಣ ಮುಂದಿನಿಂದ ಹೋಗಲಿಲ್ಲ. ಮೂಡುಬಿದಿರೆಯಲ್ಲಿ ಅಮ್ಮ ಜಗಲಿಯಲ್ಲಿ ಮಲಗಿದ್ದರು, ಮಗ ಪಕ್ಕದಲ್ಲಿ ಕೂತಿದ್ದರು. ಲೋಕಯ್ಯ ಮೆಟ್ಟಿಲ ಕೆಳಗೆ ನಿಂತು ಎಲ್ಲವನ್ನೂ ಹೇಳಿದ. ಎಣ್ಣೆಯನ್ನೂ, ಪುಂಜಾಲಕಟ್ಟೆಯಲ್ಲಿ ಹೊಸತನ್ನು ಇಳಿಸದೆ ಉಳಿಸಿಕೊಂಡದ್ದನ್ನೂ.

ವಿಜಯರಾಜರ ಮುಖ ಕೆಂಪಾಯಿತು. "ನಾಳೆಯಿಂದ ಕಾರಿನ ಕೀ ಇಲ್ಲಿಡು" ಎಂದರು.

ಅಮ್ಮ ಮಲಗಿದಲ್ಲಿಂದಲೇ ಕೈಯೆತ್ತಿದರು. "ಮೂರು ವರ್ಷ ಅದಕ್ಕೆ ಉಣಿಸಿದ್ದಾನೆ ಪಾಪ. ನನಗೆ ತಪ್ಪಿದ್ದು ಒಂದು ಹೊತ್ತು. ಕೀ ಅವನ ಹತ್ತಿರವೇ ಇರಲಿ. ಇನ್ನು ಒಳ್ಳೆಯ ಟಯರನ್ನು ನೆಲಕ್ಕೆ ತಾಗಿಸ್ತಾನೆ."

ಹಾಗೆಯೇ ಆಯಿತು. ಒಡೆದ ಟಯರಿನ ಪಕ್ಕೆ ಕೊಳೆತಿದ್ದರೂ ನೆಲ ಮುಟ್ಟುವ ಭಾಗ ದಪ್ಪಗೆ ಗಟ್ಟಿಯಿತ್ತು. ಮೂಸಬ್ಬ ಅದನ್ನು ಕತ್ತರಿಸಿ ಲೋಕಯ್ಯನಿಗೆ ಒಂದು ಜೊತೆ ಚಪ್ಪಲಿ ಮಾಡಿಕೊಟ್ಟ. ಕಾರಿನಡಿ ಎರಡು ಮೈಲು ಓಡಿದ ಟಯರು ಅವನ ಕಾಲಡಿ ವರ್ಷಗಟ್ಟಲೆ ನಡೆಯಿತು. ಅವನು ಮೂಡುಬಿದಿರೆಯ ಮನೆಗೆ ಹೋಗಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟಾಗಲೆಲ್ಲ ಅಮ್ಮ ಒಳಗಿನಿಂದ ಬಗ್ಗಿ ನೋಡಿ, "ಲೋಕಯ್ಯ, ಎಣ್ಣೆ ಹಚ್ಚಿದ್ದೀಯಾ?" ಎಂದು ಕೇಳುತ್ತಿದ್ದರು. ಅವನು ಪ್ರತಿ ಸಲವೂ "ಇಲ್ಲ ಅಮ್ಮ" ಎಂದು ತಲೆ ತಗ್ಗಿಸುತ್ತಿದ್ದ. ನಾಚಿಕೆ ಕೊನೆಯ ವರೆಗೂ ಹೋಗಲಿಲ್ಲ, ಆ ಪ್ರಶ್ನೆ ಕೇಳದೆ ಬಂದ ದಿನ ಅವನಿಗೆ ಸಮಾಧಾನವೂ ಇರುತ್ತಿರಲಿಲ್ಲ.

ಅರವತ್ತೊಂಬತ್ತರ ಮಾಘದಲ್ಲಿ ಅಮ್ಮ ತೀರಿಕೊಂಡ ಸುದ್ದಿ ಬೆಳ್ತಂಗಡಿಗೆ ಬಂದಾಗ ಲೋಕಯ್ಯ ಅಮ್ಮನ ತಂಗಿಯನ್ನು ಕೂರಿಸಿಕೊಂಡು ಹೊರಟ. ನಾಲ್ಕು ಚಕ್ರಕ್ಕೂ ಒಳ್ಳೆಯ ಟಯರು ಇತ್ತು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಹೊತ್ತು ಮುಳುಗಲು ಇನ್ನೂ ಎರಡು ಗಂಟೆ ಇರುವಾಗಲೇ ಜೈನರ ಕೇರಿ ಮುಟ್ಟಿದ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಂದು ಗಳಿಗೆ ಅಲ್ಲೇ ನಿಂತ. ಒಳಗಿನಿಂದ ಯಾರೂ ಕೇಳಲಿಲ್ಲ.

"ಇಲ್ಲ ಅಮ್ಮ" ಎಂದು ಮೆಲ್ಲಗೆ ಹೇಳಿ ಮೆಟ್ಟಿಲು ಹತ್ತಿದ.